ಒಲೆಯ ಬೆಂಕಿಗೆ ಬಗ್ಗದ ಹಿಸ್ಟಮಿನ್

ನಮ್ಮ ಉದ್ಯಮದವರಿಗೆ ಬೆಂಕಿಯ ಮೇಲೆ ಅಪಾರ ನಂಬಿಕೆ. ಚೆನ್ನಾಗಿ ಕುದಿಸಿದರೆ, ಚೆನ್ನಾಗಿ ಹುರಿದರೆ ಯಾವ ದೋಷವೂ ಉಳಿಯುವುದಿಲ್ಲ ಎಂದು ಹಿರಿಯ ಅಡಿಗೆ ಭಟ್ಟರು ಹೇಳುತ್ತಲೇ ಬಂದಿದ್ದಾರೆ. ಈ ಮಾತು ಬಹುಪಾಲು ನಿಜ. ಕಾಲರಾ, ಟೈಫಾಯಿಡ್‌ನಂತಹ ರೋಗಗಳ ಕ್ರಿಮಿಗಳು ಕುದಿಯುವ ಸಾಂಬಾರಿನಲ್ಲಿ ಬದುಕುವುದಿಲ್ಲ. ಆದರೆ ಪಂಕ್ತಿ ಎದ್ದ ಮೇಲೆ ನಮ್ಮನ್ನು ಕಂಗೆಡಿಸುವ ಇನ್ನೊಂದು ತೊಂದರೆ ಇದೆ. ಊಟ ಮುಗಿದು ಅರ್ಧ ಗಂಟೆಯೊಳಗೆ ಅತಿಥಿಯ ಮುಖ ಕೆಂಪಾಗುತ್ತದೆ, ಮೈ ತುರಿಸುತ್ತದೆ, ಗಂಧೆಗಳು ಏಳುತ್ತವೆ, ತಲೆ ಸಿಡಿಯುತ್ತದೆ. ‘ಅಡಿಗೆ ಹಳಸಿತ್ತು’ ಎನ್ನುತ್ತಾರೆ ಒಬ್ಬರು. ‘ಅಲರ್ಜಿ ಇರಬೇಕು’ ಎನ್ನುತ್ತಾರೆ ಇನ್ನೊಬ್ಬರು. ‘ಪಿತ್ತ ಏರಿದೆ, ತಣ್ಣನೆಯ ಮಜ್ಜಿಗೆ ಕೊಡಿ’ ಎನ್ನುತ್ತಾರೆ ಮನೆಯ ಹಿರಿಯರು.

ಇಂತಹ ಹೆಚ್ಚಿನ ಪ್ರಸಂಗಗಳ ಹಿಂದೆ ಇರುವ ಮುಖ್ಯ ವಸ್ತು ಒಂದೇ. ಅದರ ಹೆಸರು ಹಿಸ್ಟಮಿನ್. ಅದು ರಕ್ತಕ್ಕೆ ಬರುವ ದಾರಿಗಳು ಮಾತ್ರ ಎರಡು. ಒಂದು ದಾರಿಯಲ್ಲಿ ಅತಿಥಿಯ ದೇಹವೇ ಅದನ್ನು ಹೊರಬಿಡುತ್ತದೆ. ಇನ್ನೊಂದರಲ್ಲಿ ನಾವು ಬಡಿಸಿದ ತಟ್ಟೆಯಲ್ಲೇ ಅದು ಇರುತ್ತದೆ. ಎರಡಕ್ಕೂ ಒಲೆಯ ಬೆಂಕಿಯಿಂದ ಪರಿಹಾರವಿಲ್ಲ. ಈ ಸಂಗತಿಯನ್ನು ಸಸ್ಯಾಹಾರಿ ಕ್ಯಾಟರಿಂಗ್ ಮಾಡುವವರೂ ಮೀನಿನ ಊಟ ಕೊಡುವವರೂ ಸಮನಾಗಿ ತಿಳಿದಿರಬೇಕು. ಏಕೆಂದರೆ ಇದರಲ್ಲಿ ನಮ್ಮ ಹೆಸರಿನ ಪ್ರಶ್ನೆ ಮಾತ್ರವಲ್ಲ, ಕೆಲವೊಮ್ಮೆ ಅತಿಥಿಯ ಪ್ರಾಣದ ಪ್ರಶ್ನೆಯೂ ಇರುತ್ತದೆ.

ಹಿಸ್ಟಮಿನ್ ಎಂದರೇನು?

ಬೇಳೆ, ಹಾಲು, ಮೀನು, ಮಾಂಸ ಎಲ್ಲದರಲ್ಲೂ ಪ್ರೋಟೀನ್ ಇದೆ. ಪ್ರೋಟೀನ್ ಎಂಬುದು ಅಮೈನೊ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಆ ಮಣಿಗಳಲ್ಲಿ ಒಂದರ ಹೆಸರು ಹಿಸ್ಟಿಡಿನ್. ಅದು ನಮಗೆ ಬೇಕೇ ಬೇಕಾದ ಪೋಷಕಾಂಶ. ಈ ಹಿಸ್ಟಿಡಿನ್‌ನಿಂದ ಒಂದು ಕಿಣ್ವ ಇಂಗಾಲದ ಡೈಆಕ್ಸೈಡನ್ನು ಕಳಚಿ ಹಾಕಿದರೆ ಉಳಿಯುವುದೇ ಹಿಸ್ಟಮಿನ್. ಈ ಕಿಣ್ವ ನಮ್ಮ ದೇಹದಲ್ಲೂ ಇದೆ, ಕೆಲವು ಬ್ಯಾಕ್ಟೀರಿಯಗಳಲ್ಲೂ ಇದೆ. ಮುಂದಿನ ಪಾಠವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ, ಆದ್ದರಿಂದ ಇದನ್ನು ನೆನಪಿನಲ್ಲಿಡಿ.

ರಸಾಯನ ಶಾಸ್ತ್ರಜ್ಞರು 1907ರಲ್ಲಿ ಪ್ರಯೋಗಶಾಲೆಯಲ್ಲಿ ಈ ವಸ್ತುವನ್ನು ತಯಾರಿಸಿದರು. 1910ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಅದು ಪ್ರಾಣಿಗಳ ದೇಹದಲ್ಲಿ ಏನು ಮಾಡುತ್ತದೆ ಎಂದು ವಿವರಿಸಿದರು. ರಕ್ತದ ಒತ್ತಡ ಇಳಿಯುತ್ತದೆ, ಶ್ವಾಸನಾಳ ಬಿಗಿಯುತ್ತದೆ ಎಂದು ಅವರು ಕಂಡುಕೊಂಡರು. ಅದು ದೇಹದಲ್ಲೇ ಸಹಜವಾಗಿ ಇರುವ ವಸ್ತು ಎಂಬುದು ಖಚಿತವಾದದ್ದು 1927ರಲ್ಲಿ. ಗ್ರೀಕ್ ಭಾಷೆಯಲ್ಲಿ ‘ಹಿಸ್ಟೋಸ್’ ಎಂದರೆ ಅಂಗಾಂಶ. ಹೆಸರಿನ ಮೂಲ ಅದೇ.

ದೇಹದಲ್ಲಿ ಹಿಸ್ಟಮಿನ್ನಿನ ದೊಡ್ಡ ದಾಸ್ತಾನು ಇರುವುದು ಮಾಸ್ಟ್ ಕೋಶಗಳಲ್ಲಿ. ಮದುವೆ ಮನೆಯ ಉಗ್ರಾಣದಲ್ಲಿ ಸಾಮಾನನ್ನು ಮೊದಲೇ ಕಟ್ಟಿ ಜೋಡಿಸಿಟ್ಟಿರುತ್ತೇವೆ. ಕೂಗು ಬಂದೊಡನೆ ಹೊರಗೆ ಕೊಡುತ್ತೇವೆ. ಮಾಸ್ಟ್ ಕೋಶವೂ ಹಾಗೆಯೇ, ಸಣ್ಣ ಸಣ್ಣ ಚೀಲಗಳಲ್ಲಿ ಹಿಸ್ಟಮಿನನ್ನು ತುಂಬಿಟ್ಟುಕೊಂಡಿರುತ್ತದೆ. ಈ ಕೋಶಗಳು ಹೆಚ್ಚಾಗಿ ಇರುವುದು ಚರ್ಮದಲ್ಲಿ, ಮೂಗಿನ ಒಳಪದರದಲ್ಲಿ, ಶ್ವಾಸನಾಳದಲ್ಲಿ, ಕರುಳಿನಲ್ಲಿ. ಹೊರಗಿನ ಪ್ರಪಂಚ ದೇಹವನ್ನು ಮುಟ್ಟುವ ಜಾಗಗಳು ಇವೇ ಅಲ್ಲವೇ? ಕಾವಲಿಗೆ ಬೇಕಾದಲ್ಲೇ ಉಗ್ರಾಣವನ್ನೂ ಇಟ್ಟಂತಾಗಿದೆ.

ಆದ್ದರಿಂದ ಹಿಸ್ಟಮಿನ್ ನಮ್ಮ ಶತ್ರುವಲ್ಲ. ಸೊಳ್ಳೆ ಕಚ್ಚಿದ ಜಾಗ ಉಬ್ಬಿ ತುರಿಸುವುದು ಅದರಿಂದಲೇ. ಆ ಜಾಗಕ್ಕೆ ರಕ್ತ ಹೆಚ್ಚು ಹರಿದು, ರೋಗದ ವಿರುದ್ಧ ಹೋರಾಡುವ ಕೋಶಗಳು ಬೇಗ ಬಂದು ಸೇರಲಿ ಎಂಬುದು ದೇಹದ ಉದ್ದೇಶ. ಅಳತೆ ಮೀರಿದಾಗ, ಅಥವಾ ಬೇಡದ ಸಮಯದಲ್ಲಿ ಬಂದಾಗ ಮಾತ್ರ ತೊಂದರೆ.

ಒಂದು ಬೀಗದ ಕೈ, ನಾಲ್ಕು ಬೀಗ

ಹಿಸ್ಟಮಿನ್ ತಾನಾಗಿ ಏನನ್ನೂ ಮಾಡುವುದಿಲ್ಲ. ಅದೊಂದು ಬೀಗದ ಕೈ ಇದ್ದಂತೆ. ಕೋಶಗಳ ಮೇಲೆ ಅದಕ್ಕೆ ಹೊಂದುವ ಬೀಗಗಳಿವೆ. ಅವುಗಳಿಗೆ ಗ್ರಾಹಿಗಳು ಎನ್ನುತ್ತಾರೆ. ಇದುವರೆಗೆ ನಾಲ್ಕು ಬಗೆಯವು ತಿಳಿದಿವೆ. ಎಚ್-1, ಎಚ್-2, ಎಚ್-3, ಎಚ್-4 ಎಂದು ಅವುಗಳ ಹೆಸರು.

ಎಚ್-1 ನಮಗೆ ಅತಿ ಮುಖ್ಯ. ರಕ್ತನಾಳಗಳಲ್ಲಿ ಈ ಬೀಗ ತೆರೆದರೆ ನಾಳ ಹಿಗ್ಗುತ್ತದೆ, ಮುಖ ಕತ್ತು ಕೆಂಪಾಗುತ್ತವೆ, ತಲೆ ಸಿಡಿಯುತ್ತದೆ. ಸಣ್ಣ ನಾಳಗಳ ಗೋಡೆಯಲ್ಲಿ ಸಂದು ಬಿಟ್ಟು ರಕ್ತದ ನೀರು ಹೊರಗೆ ಜಿನುಗುತ್ತದೆ. ಗಂಧೆ ಏಳುವುದು, ತುಟಿ ರೆಪ್ಪೆ ಊದುವುದು ಹೀಗೆ. ನರದ ತುದಿಯಲ್ಲಿ ತೆರೆದರೆ ತುರಿಕೆ. ಶ್ವಾಸನಾಳದಲ್ಲಿ ತೆರೆದರೆ ಅದು ಬಿಗಿದು ಉಸಿರು ಕಟ್ಟುತ್ತದೆ. ಮೆದುಳಿನಲ್ಲೂ ಎಚ್-1 ಇದೆ. ಅಲ್ಲಿ ಹಿಸ್ಟಮಿನ್ನಿನ ಕೆಲಸ ನಮ್ಮನ್ನು ಎಚ್ಚರವಾಗಿಡುವುದು.

ಎಚ್-2 ಇರುವುದು ಮುಖ್ಯವಾಗಿ ಜಠರದಲ್ಲಿ. ಊಟ ಹೊಟ್ಟೆಗೆ ಬಂದಾಗ ಅಲ್ಲಿನ ಕೆಲವು ಕೋಶಗಳು ಹಿಸ್ಟಮಿನ್ ಬಿಡುತ್ತವೆ. ಅದು ಪಕ್ಕದ ಕೋಶಗಳ ಎಚ್-2 ಬೀಗವನ್ನು ತೆರೆದು ಆಮ್ಲ ಸುರಿಯುವಂತೆ ಮಾಡುತ್ತದೆ. ಅಂದರೆ ನಾವು ಬಡಿಸಿದ ಊಟ ಜೀರ್ಣವಾಗುವುದರಲ್ಲೂ ಹಿಸ್ಟಮಿನ್ನಿನ ಕೈವಾಡವಿದೆ. ಈ ಬೀಗವನ್ನು ಮುಚ್ಚುವ ಔಷಧಿಯನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್ ಅವರು 1988ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಒಬ್ಬರು. ಹೊಟ್ಟೆ ಉರಿಗೆಂದು ಒಂದು ಕಾಲದಲ್ಲಿ ಎಲ್ಲರ ಜೇಬಿನಲ್ಲೂ ಇದ್ದ ರಾನಿಟಿಡಿನ್ ಅದೇ ಜಾತಿಯದು. 2022ರಲ್ಲಿ ಅದನ್ನು ಭಾರತದ ಅಗತ್ಯ ಔಷಧಿಗಳ ಪಟ್ಟಿಯಿಂದ ತೆಗೆಯಲಾಯಿತು.

ಎಚ್-3 ಹೆಚ್ಚಾಗಿ ಮೆದುಳಿನ ನರಗಳಲ್ಲಿದ್ದು, ಹಿಸ್ಟಮಿನ್ ಎಷ್ಟು ಬಿಡುಗಡೆಯಾಗಬೇಕು ಎಂಬುದನ್ನು ಹಿಡಿತದಲ್ಲಿಡುತ್ತದೆ. ಎಚ್-4 ರೋಗ ನಿರೋಧಕ ಕೋಶಗಳಲ್ಲಿದೆ. ನಮ್ಮ ಪಾಠಕ್ಕೆ ಇವೆರಡರ ವಿವರ ಅಷ್ಟಾಗಿ ಬೇಕಿಲ್ಲ.

ಆಂಟಿಹಿಸ್ಟಮಿನ್ ಮಾತ್ರೆ ಏನು ಮಾಡುತ್ತದೆ? ಹಿಸ್ಟಮಿನನ್ನು ಅದು ನಾಶ ಮಾಡುವುದಿಲ್ಲ. ಎಚ್-1 ಬೀಗದೊಳಗೆ ತಾನು ಕುಳಿತು, ಹಿಸ್ಟಮಿನ್ನಿಗೆ ಜಾಗವಿಲ್ಲದಂತೆ ಮಾಡುತ್ತದೆ. ಫೆನಿರಾಮಿನ್, ಕ್ಲೋರ್ಫೆನಿರಾಮಿನ್‌ನಂತಹ ಹಳೆಯ ಮಾತ್ರೆಗಳು ಮೆದುಳಿಗೂ ಹೋಗಿ ಅಲ್ಲಿಯ ಬೀಗವನ್ನೂ ಮುಚ್ಚುತ್ತವೆ. ಎಚ್ಚರವಾಗಿಡುವ ಹಿಸ್ಟಮಿನ್ನಿಗೆ ಅಲ್ಲಿ ಕೆಲಸವಿಲ್ಲದಾಗುತ್ತದೆ, ನಿದ್ದೆ ಬರುತ್ತದೆ. ಆದ್ದರಿಂದ ನೆಗಡಿ, ತುರಿಕೆ ಎಂದು ಅಂತಹ ಮಾತ್ರೆ ನುಂಗಿದ ಹುಡುಗನನ್ನು ಅಂದು ಎಣ್ಣೆ ಬಾಣಲೆಯ ಮುಂದೆ ನಿಲ್ಲಿಸಬೇಡಿ, ಟೆಂಪೋ ಓಡಿಸಲೂ ಬಿಡಬೇಡಿ. ಸೆಟಿರಿಜಿನ್‌ನಂತಹ ಹೊಸ ಮಾತ್ರೆಗಳಲ್ಲಿ ಈ ತೂಕಡಿಕೆ ಕಡಿಮೆ. ಆದರೂ ಕೆಲವರಿಗೆ ಬರುತ್ತದೆ.

ಕೆಲಸ ಮುಗಿದ ಹಿಸ್ಟಮಿನನ್ನು ಒಡೆದು ಹಾಕಲು ದೇಹದಲ್ಲಿ ಎರಡು ಕಿಣ್ವಗಳಿವೆ. ಅವುಗಳಲ್ಲಿ ಡಯಮಿನ್ ಆಕ್ಸಿಡೇಸ್ ಎಂಬುದು ಕರುಳಿನ ಒಳಪದರದಲ್ಲಿ ಕಾವಲಿರುತ್ತದೆ. ಊಟದೊಂದಿಗೆ ಬರುವ ಅಷ್ಟಿಷ್ಟು ಹಿಸ್ಟಮಿನ್ ರಕ್ತಕ್ಕೆ ಸೇರದಂತೆ ಅದು ಅಲ್ಲೇ ತಡೆಯುತ್ತದೆ. ದಿನನಿತ್ಯದ ಊಟದಲ್ಲಿ ನಮಗೇನೂ ಆಗದಿರುವುದಕ್ಕೆ ಈ ಕಾವಲೇ ಕಾರಣ. ಒಮ್ಮೆಗೇ ಬಹಳ ಬಂದರೆ ಅದರ ಕೈ ಸೋಲುತ್ತದೆ.

ಮೊದಲ ದಾರಿ: ದೇಹದೊಳಗಿನಿಂದ

ಇದು ಅಲರ್ಜಿಯ ದಾರಿ. ಒಬ್ಬರಿಗೆ ಶೇಂಗಾದ ಅಲರ್ಜಿ ಇದೆ ಎಂದಿಟ್ಟುಕೊಳ್ಳಿ. ಅವರ ದೇಹ ಎಂದೋ ಒಮ್ಮೆ ಶೇಂಗಾದ ಪ್ರೋಟೀನನ್ನು ಶತ್ರು ಎಂದು ತಪ್ಪು ತಿಳಿದು, ಅದನ್ನು ಹಿಡಿಯಲು ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿದೆ. ಅಂದು ಅವರಿಗೆ ಯಾವ ತೊಂದರೆಯೂ ತಿಳಿದಿರುವುದಿಲ್ಲ. ಆ ಪ್ರತಿಕಾಯಗಳು ಹೋಗಿ ಮಾಸ್ಟ್ ಕೋಶಗಳ ಮೇಲೆ ಕುಳಿತು ಕಾಯುತ್ತವೆ. ಮುಂದೊಂದು ದಿನ ಕೋಸಂಬರಿಯಲ್ಲೋ ಸಾಬೂದಾಣೆ ಖಿಚಡಿಯಲ್ಲೋ ಚಟ್ನಿಪುಡಿಯಲ್ಲೋ ಸ್ವಲ್ಪ ಶೇಂಗಾ ಹೊಟ್ಟೆಗೆ ಹೋದರೆ ಸಾಕು, ಪ್ರತಿಕಾಯಗಳು ಅದನ್ನು ಹಿಡಿಯುತ್ತವೆ, ಮಾಸ್ಟ್ ಕೋಶಗಳು ಒಮ್ಮೆಲೇ ಉಗ್ರಾಣದ ಬಾಗಿಲು ತೆರೆದು ಚೀಲಗಳನ್ನೆಲ್ಲ ಹೊರಗೆ ಸುರಿಯುತ್ತವೆ.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ನಮ್ಮ ಅಡಿಗೆಯಲ್ಲಿ ಯಾವ ದೋಷವೂ ಇಲ್ಲ. ಶೇಂಗಾ ತಾಜಾ ಇದೆ, ಪಾತ್ರೆ ಶುಚಿಯಾಗಿದೆ, ಅಕ್ಕಪಕ್ಕದ ನೂರು ಮಂದಿ ಅದನ್ನೇ ಉಂಡು ಸುಖವಾಗಿದ್ದಾರೆ. ಆದರೂ ಆ ಒಬ್ಬ ಅತಿಥಿಯ ಪ್ರಾಣ ಅಪಾಯದಲ್ಲಿರಬಹುದು. ಶೇಂಗಾವನ್ನು ಹುರಿದರೆ ಅದರ ಅಲರ್ಜಿಯ ಗುಣ ಹೋಗುವುದಿಲ್ಲ. ಸೀಗಡಿಯನ್ನು ಬೇಯಿಸಿದರೂ ಹೋಗುವುದಿಲ್ಲ. ‘ಸ್ವಲ್ಪವೇ ಹಾಕಿದ್ದೇವೆ’ ಎಂಬ ಸಮಾಧಾನವೂ ಸಲ್ಲದು. ಶೇಂಗಾ ಚಟ್ನಿಯ ಸೌಟನ್ನು ಕಾಯಿ ಚಟ್ನಿಗೆ ಅದ್ದಿದ ಅಷ್ಟೇ ಪ್ರಮಾಣ ಕೆಲವರಿಗೆ ಸಾಕಾಗುತ್ತದೆ.

2020ರಲ್ಲಿ ಎಫ್‌ಎಸ್‌ಎಸ್‌ಎಐ ಹೊರಡಿಸಿದ ಲೇಬಲ್ ನಿಯಮಗಳಲ್ಲಿ ಪ್ಯಾಕೆಟ್‌ಗಳ ಮೇಲೆ ತಿಳಿಸಬೇಕಾದ ಅಲರ್ಜಿಕಾರಕಗಳ ಪಟ್ಟಿ ಇದೆ. ಗ್ಲುಟೆನ್ ಇರುವ ಗೋಧಿಯಂತಹ ಧಾನ್ಯಗಳು, ಸೀಗಡಿ ಏಡಿಯಂತಹ ಚಿಪ್ಪಿನ ಜೀವಿಗಳು, ಹಾಲು, ಮೊಟ್ಟೆ, ಮೀನು, ಶೇಂಗಾ ಹಾಗೂ ಗೋಡಂಬಿ ಬಾದಾಮಿಯಂತಹ ಬೀಜಗಳು, ಸೋಯಾ, ನಿಗದಿತ ಪ್ರಮಾಣ ಮೀರಿದ ಸಲ್ಫೈಟ್ ಅದರಲ್ಲಿವೆ. ಇದನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿಟ್ಟರೆ ಒಳ್ಳೆಯದು. ಎಳ್ಳು ಮತ್ತು ಸಾಸಿವೆಯಿಂದಲೂ ಕೆಲವರಿಗೆ ಅಲರ್ಜಿಯಾಗುತ್ತದೆ. ನಮ್ಮ ಒಗ್ಗರಣೆಯಲ್ಲಿ ಸಾಸಿವೆ ಇಲ್ಲದ ದಿನವಿಲ್ಲ. ಆದ್ದರಿಂದ ಕೇಳಿದವರಿಗೆ ಅದನ್ನೂ ಸ್ಪಷ್ಟವಾಗಿ ಹೇಳಬೇಕು.

ಎರಡನೆಯ ದಾರಿ: ತಟ್ಟೆಯೊಳಗಿನಿಂದ

ಹಿಸ್ಟಿಡಿನನ್ನು ಹಿಸ್ಟಮಿನ್ ಆಗಿಸುವ ಕಿಣ್ವ ಕೆಲವು ಬ್ಯಾಕ್ಟೀರಿಯಗಳಲ್ಲೂ ಇದೆ ಎಂದು ಮೊದಲೇ ನೋಡಿದೆವು. ಇನ್ನು ಮೀನಿನ ಕಡೆಗೆ ಬರೋಣ. ಬಂಗುಡೆ, ಬೂತಾಯಿ, ಟ್ಯೂನಾ ಮುಂತಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಬಿಡಿಯಾಗಿಯೇ ಧಾರಾಳವಾಗಿರುತ್ತದೆ. ಅಂಜಲ್ ಕೂಡ ಬಂಗುಡೆಯ ಬಳಗದ್ದೇ. ಮುಂಬಯಿಯಲ್ಲಿ ಇವನ್ನೇ ಬಾಂಗ್ಡಾ, ತಾರ್ಲಿ, ಸುರ್ಮೈ ಎಂದು ಕೊಳ್ಳುತ್ತೇವೆ. ಮೀನು ಜೀವಂತವಿರುವಾಗ ಬ್ಯಾಕ್ಟೀರಿಯಗಳು ಅದರ ಕಿವಿರು ಮತ್ತು ಕರುಳಿನಲ್ಲಿ ಸುಮ್ಮನಿರುತ್ತವೆ. ಮೀನು ಸತ್ತು ಬಿಸಿಯಲ್ಲಿ ಬಿದ್ದರೆ ಅವು ಮಾಂಸಕ್ಕೆ ಹರಡಿ, ಹಿಸ್ಟಿಡಿನನ್ನು ಹಿಸ್ಟಮಿನ್ ಆಗಿ ಮಾರ್ಪಡಿಸತೊಡಗುತ್ತವೆ. ಮಾರ್ಗನೆಲ್ಲಾ ಮಾರ್ಗನಿ ಎಂಬ ಬ್ಯಾಕ್ಟೀರಿಯ ಇದರಲ್ಲಿ ಕುಖ್ಯಾತ.

ಇದನ್ನು ಸ್ಕಾಂಬ್ರಾಯಿಡ್ ವಿಷಬಾಧೆ ಎನ್ನುತ್ತಾರೆ. ಸ್ಕಾಂಬ್ರಿಡೇ ಎಂಬುದು ಬಂಗುಡೆ, ಟ್ಯೂನಾಗಳ ವಂಶದ ಹೆಸರು. ಬೂತಾಯಿ ಆ ವಂಶದ್ದಲ್ಲದಿದ್ದರೂ ಅಪಾಯ ಒಂದೇ.

ಇದರ ಸ್ವಭಾವವನ್ನು ಅಡಿಗೆಯವರು ಚೆನ್ನಾಗಿ ಅರಿಯಬೇಕು. ಬೇಯಿಸಿದರೆ ಬ್ಯಾಕ್ಟೀರಿಯ ಸಾಯುತ್ತದೆ, ಅದರ ಕಿಣ್ವವೂ ಕೆಡುತ್ತದೆ, ಆದರೆ ಅಷ್ಟರೊಳಗೆ ಉಂಟಾದ ಹಿಸ್ಟಮಿನ್ ಹಾಗೆಯೇ ಉಳಿಯುತ್ತದೆ. ತವಾ ಫ್ರೈ ಮಾಡಿದರೂ ಹೋಗದು, ಹುಳಿ ಹಿಂಡಿದರೂ ಹೋಗದು, ಫ್ರೀಜರ್‌ನಲ್ಲಿಟ್ಟರೂ ಹೋಗದು. 1973ರಲ್ಲಿ ಅಮೆರಿಕದಲ್ಲಿ ಡಬ್ಬಿಯಲ್ಲಿ ತುಂಬಿದ ಟ್ಯೂನಾ ತಿಂದು 232 ಮಂದಿಗೆ ಈ ಬಾಧೆ ತಗಲಿತು. ಡಬ್ಬಿ ತುಂಬುವಾಗ ಒತ್ತಡದ ಉಗಿಯಲ್ಲಿ ಕೊಡುವ ಶಾಖ ನಮ್ಮ ತವಾ, ಕಡಾಯಿಗಳಿಗಿಂತ ಎಷ್ಟೋ ಕಠಿಣ. ಅದಕ್ಕೂ ಹಿಸ್ಟಮಿನ್ ಬಗ್ಗಲಿಲ್ಲ.

ಇನ್ನೊಂದು ಮೋಸವೂ ಇದೆ. ಹಿಸ್ಟಮಿನ್ ತುಂಬಿದ ಮೀನು ನೋಡಲು ಚೆನ್ನಾಗಿರಬಹುದು, ವಾಸನೆಯೂ ಬರದಿರಬಹುದು. ತಿನ್ನುವವರಿಗೆ ಕೆಲವೊಮ್ಮೆ ನಾಲಿಗೆಯ ಮೇಲೆ ಮೆಣಸಿನಂತಹ ಚುರುಕು ಅನ್ನಿಸುತ್ತದೆ. ನಮ್ಮ ಖಾರದ ಮಸಾಲೆಯಲ್ಲಿ ಅದು ಹೇಗೆ ತಿಳಿದೀತು? ಒಂದೇ ಮೀನಿನ ಒಂದು ತುಂಡಿನಲ್ಲಿ ಹೆಚ್ಚು, ಮತ್ತೊಂದರಲ್ಲಿ ಕಡಿಮೆ ಇರುವುದೂ ಉಂಟು. ಅದಕ್ಕೇ ಐರೋಪ್ಯ ಒಕ್ಕೂಟದ ನಿಯಮದಲ್ಲಿ ಇಂತಹ ಮೀನಿನ ಒಂದು ಸರಕಿನಿಂದ 9 ಮಾದರಿಗಳನ್ನು ಪರೀಕ್ಷೆಗೆ ತೆಗೆಯುತ್ತಾರೆ. ರುಚಿ ನೋಡಿ ಪಾಸು ಮಾಡುವ ನಮ್ಮ ಪದ್ಧತಿ ಇಲ್ಲಿ ನಡೆಯದು.

ಎಷ್ಟು ಹಿಸ್ಟಮಿನ್ ಅಪಾಯ? 2012ರಲ್ಲಿ ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸೇರಿ ಲೆಕ್ಕ ಹಾಕಿದರು. ಆರೋಗ್ಯವಂತ ವ್ಯಕ್ತಿಗೆ ಒಂದು ಊಟದಲ್ಲಿ 50 ಮಿಲಿಗ್ರಾಂವರೆಗೆ ತೊಂದರೆ ಕಾಣಿಸದು ಎಂದು ನಿರ್ಧರಿಸಿದರು. ಒಬ್ಬರು ಒಂದು ಊಟಕ್ಕೆ 250 ಗ್ರಾಂ ಮೀನು ತಿಂದರೆ, ಆ ಮೀನಿನಲ್ಲಿ ಕಿಲೋಗೆ 200 ಮಿಲಿಗ್ರಾಂ ಮೀರಬಾರದು ಎಂದಾಯಿತು. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದಲ್ಲಿರುವ ಮಿತಿಯೂ ಕಿಲೋಗೆ 200 ಮಿಲಿಗ್ರಾಂ. ಬಿಸಿಲಲ್ಲಿ ಬಿದ್ದ ಬಂಗುಡೆಯಲ್ಲಿ ಇದರ ಹಲವು ಪಟ್ಟು ಹಿಸ್ಟಮಿನ್ ಆಗಬಲ್ಲದು.

ಆರೋಗ್ಯವಂತರ ಮಾತು ಹೀಗಾದರೆ, ಕರುಳಿನ ಕಾವಲು ದುರ್ಬಲವಾಗಿರುವವರ ಪಾಡು ಬೇರೆ. ಕ್ಷಯರೋಗಕ್ಕೆ ಕೊಡುವ ಐಸೋನಿಯಾಜಿಡ್ ಮಾತ್ರೆ ಹಿಸ್ಟಮಿನನ್ನು ಒಡೆಯುವ ಕಿಣ್ವಕ್ಕೆ ಅಡ್ಡಿ ಮಾಡುತ್ತದೆ. ಶ್ರೀಲಂಕಾದ ವೈದ್ಯ ಸಿ.ಜಿ. ಉರಗೋಡ ಮತ್ತು ಅವರ ಜೊತೆಗಾರರು 1970ರ ದಶಕದಲ್ಲಿ, ಈ ಮಾತ್ರೆ ತೆಗೆದುಕೊಳ್ಳುತ್ತಿದ್ದ ಕ್ಷಯ ರೋಗಿಗಳು ಮೀನು ತಿಂದು ಇದೇ ಬಾಧೆಗೆ ಒಳಗಾದುದನ್ನು ವರದಿ ಮಾಡಿದರು. ನಮ್ಮ ಹಾಲ್‌ಗಳಲ್ಲಿ ಊಟಕ್ಕೆ ಕುಳಿತವರಲ್ಲಿ ಯಾರು ಯಾವ ಮಾತ್ರೆಯಲ್ಲಿದ್ದಾರೆ ಎಂಬುದು ನಮಗೆ ತಿಳಿಯುವುದಿಲ್ಲ. ಮೀನನ್ನು ಸರಿಯಾಗಿ ಇಡುವುದೊಂದೇ ನಮ್ಮ ಕೈಯಲ್ಲಿರುವುದು.

ಬದನೆ ನಂಜು ಎಂಬ ಮಾತು

ಬದನೆಕಾಯಿ ನಂಜು, ಬಂಗುಡೆ ನಂಜು ಎಂದು ಊರಿನಲ್ಲಿ ಹಿರಿಯರು ಹೇಳುವುದನ್ನು ಕೇಳಿಯೇ ಬೆಳೆದವರು ನಮ್ಮಲ್ಲಿ ಹಲವರು. ಬದನೆಯಲ್ಲಿ ಸ್ವಲ್ಪ ಹಿಸ್ಟಮಿನ್ ಸಹಜವಾಗಿಯೇ ಇರುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ವೈದ್ಯರೊಂದಿಗೆ ಸೇರಿ ಮೈಸೂರಿನಲ್ಲಿ ಜನರನ್ನು ವಿಚಾರಿಸಿ, ಪರೀಕ್ಷಿಸಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನೂರಕ್ಕೆ ಸುಮಾರು ಒಂಬತ್ತು ಮಂದಿ ಬದನೆ ತಿಂದರೆ ತುರಿಕೆ ಮುಂತಾದ ತೊಂದರೆ ಆಗುತ್ತದೆ ಎಂದರು. ಆದರೆ ಐಜಿಇ ಪ್ರತಿಕಾಯದಿಂದ ಆಗುವ ನಿಜವಾದ ಅಲರ್ಜಿ ಕಂಡುಬಂದದ್ದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಮಂದಿಯಲ್ಲಿ.

ಇದರಿಂದ ನಾವು ಕಲಿಯುವುದೇನು? ‘ನನಗೆ ಬದನೆ ಆಗುವುದಿಲ್ಲ’ ಎಂದು ಅತಿಥಿ ಹೇಳಿದರೆ ಅದನ್ನು ಮೂಢನಂಬಿಕೆ ಎಂದು ನಗಬಾರದು. ಹಾಗೆಂದು ಅದಕ್ಕೆ ಅಲರ್ಜಿ ಎಂಬ ಹೆಸರನ್ನು ನಾವೇ ಇಡುವುದೂ ಬೇಡ. ಹೆಸರಿಡುವುದು ವೈದ್ಯರ ಕೆಲಸ. ಬದನೆ ಇಲ್ಲದ ಒಂದು ಪಲ್ಯವನ್ನು ಅವರ ಎಲೆಗೆ ಬಡಿಸುವುದು ನಮ್ಮ ಕೆಲಸ.

ಎರಡನ್ನು ಬೇರ್ಪಡಿಸುವುದು ಹೇಗೆ?

ಲಕ್ಷಣಗಳು ಬಹುಪಾಲು ಒಂದೇ ಆಗಿರುವುದರಿಂದ ಒಬ್ಬ ಅತಿಥಿಯ ಮುಖ ನೋಡಿ ಹೇಳುವುದು ಕಷ್ಟ. ಇಡೀ ಪಂಕ್ತಿಯನ್ನು ನೋಡಬೇಕು.

ಒಬ್ಬರಿಗೆ ಮಾತ್ರ ಆಗಿದ್ದು, ಅದೇ ಪದಾರ್ಥ ತಿಂದ ಉಳಿದವರು ಚೆನ್ನಾಗಿದ್ದರೆ ಅಲರ್ಜಿಯ ಸಂಭವ ಹೆಚ್ಚು. ‘ಹಿಂದೆಯೂ ಹೀಗಾಗಿತ್ತು’ ಎಂದು ಅವರೋ ಅವರ ಮನೆಯವರೋ ಹೇಳಿದರೆ ಸಂಶಯ ಗಟ್ಟಿಯಾಗುತ್ತದೆ.

ಒಂದೇ ಮೀನಿನ ಖಾದ್ಯ ತಿಂದ ಹಲವರಿಗೆ, ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪೇರಿ, ತಲೆನೋವು, ಎದೆಬಡಿತ, ಹೊಟ್ಟೆ ತೊಳಸುವಿಕೆ, ಭೇದಿ ಬಂದರೆ, ಅವರೆಲ್ಲ ಹಿಂದೆ ಆ ಮೀನನ್ನು ಸುಖವಾಗಿ ತಿಂದವರೇ ಆಗಿದ್ದರೆ, ಅದು ಹಿಸ್ಟಮಿನ್ ವಿಷಬಾಧೆ ಇರಬಹುದು. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ, ಆಂಟಿಹಿಸ್ಟಮಿನ್‌ನಿಂದ ಬೇಗ ಗುಣ ಕಾಣುತ್ತದೆ. ಆದರೆ ಆಸ್ತಮಾ, ಹೃದ್ರೋಗ ಇರುವವರಿಗೆ ಅದೂ ಗಂಭೀರವಾಗಬಲ್ಲದು.

ತುಂಡಿನಿಂದ ತುಂಡಿಗೆ ಹಿಸ್ಟಮಿನ್ ಬೇರೆ ಬೇರೆ ಇರುವುದರಿಂದ ಕೆಲವೊಮ್ಮೆ ಒಬ್ಬಿಬ್ಬರಿಗೆ ಮಾತ್ರ ಬಾಧೆ ಆಗುವುದೂ ಉಂಟು. ಆಗ ಅದನ್ನು ಮೀನಿನ ಅಲರ್ಜಿ ಎಂದು ತಪ್ಪು ತಿಳಿದು, ಆ ಮನುಷ್ಯ ಜೀವನಪೂರ್ತಿ ಮೀನು ಬಿಡಬಹುದು. ಇತ್ತ ನಾವು ‘ಅವರಿಗೆ ಅಲರ್ಜಿ, ನಮ್ಮ ಮೀನು ಸರಿಯಾಗಿತ್ತು’ ಎಂದುಕೊಂಡು ಅದೇ ರೀತಿ ಮುಂದುವರಿಸಬಹುದು. ಎರಡೂ ನಷ್ಟವೇ. ಆದ್ದರಿಂದ ವೈದ್ಯರಿಗೆ ಸತ್ಯವನ್ನು ಪೂರ್ತಿಯಾಗಿ ಹೇಳುವುದು ನಮ್ಮ ಧರ್ಮ. ಯಾವ ಮೀನು, ಯಾವಾಗ ತಂದದ್ದು, ಎಷ್ಟು ಹೊತ್ತು ಹೊರಗಿತ್ತು, ಇನ್ನು ಯಾರು ಯಾರು ತಿಂದರು ಎಂಬುದನ್ನು ಮುಚ್ಚಿಡದೆ ತಿಳಿಸಬೇಕು.

ಹಾಲ್‌ನಲ್ಲಿ ಆಗಬೇಕಾದ ಕೆಲಸ

ಉಸಿರಾಡಲು ಕಷ್ಟ, ದನಿ ಒಡೆಯುವುದು, ನಾಲಿಗೆ ಅಥವಾ ಗಂಟಲು ಊದುವುದು, ತಲೆ ತಿರುಗಿ ಬೀಳುವುದು – ಇವುಗಳಲ್ಲಿ ಒಂದು ಕಂಡರೂ ಕಾಯಬಾರದು. ಕಾರಣ ಅಲರ್ಜಿಯೋ ಮೀನೋ ಎಂಬ ಚರ್ಚೆ ಆಗ ಬೇಡವೇ ಬೇಡ. 112ಕ್ಕೆ ಕರೆ ಮಾಡಬೇಕು. ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡು, ತೆಲಂಗಾಣಗಳಲ್ಲಿ 108ಕ್ಕೂ ಮಾಡಬಹುದು. ಆಂಬುಲೆನ್ಸ್ ತಡವಾದರೆ ಸಿಕ್ಕಿದ ಕಾರಿನಲ್ಲಿ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು.

ಇಂತಹ ತೀವ್ರ ಪ್ರಸಂಗದಲ್ಲಿ ಆಂಟಿಹಿಸ್ಟಮಿನ್ ಮಾತ್ರೆ ಕೊಟ್ಟು ನೋಡೋಣ ಎಂದು ಕುಳಿತರೆ ಪ್ರಾಣ ಹೋಗಬಹುದು. ಏಕೆ? ಮಾತ್ರೆ ಎಚ್-1 ಬೀಗದಲ್ಲಿ ಕುಳಿತು ತುರಿಕೆ, ಗಂಧೆ ತಗ್ಗಿಸಬಲ್ಲದು, ಅದಕ್ಕೂ ಸಮಯ ಬೇಕು. ಬಿದ್ದ ರಕ್ತದೊತ್ತಡವನ್ನು ಅದು ಎತ್ತಲಾರದು. ಉಗ್ರಾಣದಿಂದ ಹಿಸ್ಟಮಿನ್ ಜೊತೆಗೆ ಹೊರಬಿದ್ದ ಬೇರೆ ವಸ್ತುಗಳ ಮೇಲೂ ಅದರ ಆಟ ನಡೆಯದು. ಆಗ ಬೇಕಾದದ್ದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅದು ಹಿಗ್ಗಿದ ರಕ್ತನಾಳಗಳನ್ನು ಬಿಗಿಗೊಳಿಸಿ, ಶ್ವಾಸನಾಳವನ್ನು ತೆರೆದು, ಮಾಸ್ಟ್ ಕೋಶಗಳನ್ನೂ ಹತೋಟಿಗೆ ತರುತ್ತದೆ. ಅಲರ್ಜಿ ಇರುವ ಕೆಲವರು ಅದನ್ನು ತಮ್ಮ ಬಳಿಯೇ ಇಟ್ಟುಕೊಂಡಿರುತ್ತಾರೆ. ಅವರ ಮನೆಯವರನ್ನು ಕೇಳಿ.

ಅಲ್ಲಿಯವರೆಗೆ ಅತಿಥಿಯನ್ನು ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕಿಡಿ. ಉಸಿರಾಟ ಕಷ್ಟವಾಗಿದ್ದರೆ ಒರಗಿ ಕೂರಿಸಿ. ವಾಂತಿ ಮಾಡುತ್ತಿದ್ದರೆ ಪಕ್ಕಕ್ಕೆ ತಿರುಗಿಸಿ. ಒಮ್ಮೆಲೇ ಎಬ್ಬಿಸಿ ನಡೆಸಬೇಡಿ. ಮಜ್ಜಿಗೆ, ನಿಂಬೆ ನೀರು ಎಂದು ಬಾಯಿಗೆ ಸುರಿಯಬೇಡಿ.

ಸಂಶಯ ಬಂದ ಖಾದ್ಯವನ್ನು ತಕ್ಷಣ ಬಡಿಸುವುದು ನಿಲ್ಲಿಸಿ, ಆದರೆ ಎಸೆಯಬೇಡಿ. ಒಂದು ಪಾಲನ್ನು ಶುಚಿಯಾದ ಡಬ್ಬಿಯಲ್ಲಿ ಹಾಕಿ, ದಿನಾಂಕ, ಸಮಯ ಬರೆದು ಫ್ರೀಜರ್‌ನಲ್ಲಿಡಿ. ಹಿಸ್ಟಮಿನ್ ತಣ್ಣನೆಯಲ್ಲೂ ನಾಶವಾಗದ ಕಾರಣ ಪರೀಕ್ಷೆಗೆ ಅದು ಸಿಗುತ್ತದೆ. ನಮ್ಮ ತಪ್ಪಿಲ್ಲದಿದ್ದರೆ ನಮ್ಮನ್ನು ಕಾಯುವ ಸಾಕ್ಷಿಯೂ ಅದೇ.

ಹಿಮವೇ ಮದ್ದು

ಮುಂಬಯಿಯ ಭಾವುಚಾ ಧಕ್ಕಾ, ಚೆನ್ನೈನ ಕಾಸಿಮೇಡು ಮುಂತಾದ ಕಡೆ ಮೀನು ದೋಣಿಯಿಂದ ನೇರವಾಗಿ ಇಳಿಯುತ್ತದೆ. ಪುಣೆ, ಹೈದರಾಬಾದ್, ದಿಲ್ಲಿಗಳಿಗೆ ಅದು ಎಷ್ಟೋ ದೂರ ಪ್ರಯಾಣ ಮಾಡಿ ಬರುತ್ತದೆ. ದಾರಿಯಲ್ಲಿ ಏನಾಯಿತು ಎಂಬುದು ನಮಗೆ ಕಾಣುವುದಿಲ್ಲ. ಆದ್ದರಿಂದ ನಂಬಿಕೆಯ ವ್ಯಾಪಾರಿಯಿಂದ, ಹಿಮದಲ್ಲಿ ಹೂತಿಟ್ಟ ಮೀನನ್ನೇ ಕೊಳ್ಳಬೇಕು. ಹಿಮದ ಮೇಲೆ ಅಂದಕ್ಕಾಗಿ ಜೋಡಿಸಿದ ಮೀನು ಸಾಲದು. ಕೈಯಿಟ್ಟು ನೋಡಿದರೆ ಕೊರೆಯುವಂತಿರಬೇಕು. ನಾವು ಒಯ್ಯುವಾಗ ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಹಿಮ ಎಂಬ ಲೆಕ್ಕವಿಡಿ.

ಅಮೆರಿಕದ ಎಫ್‌ಡಿಎ ಮಾರ್ಗದರ್ಶಿಯ ಪ್ರಕಾರ, ಫ್ರೀಜ್ ಮಾಡದ ಇಂತಹ ಮೀನು ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇರುವ ಸಮಯ ಒಟ್ಟು 4 ಗಂಟೆ ಮೀರಬಾರದು. ನಡುವೆ ಎಲ್ಲಾದರೂ 21 ಡಿಗ್ರಿ ದಾಟಿದ್ದರೆ ಅನ್ವಯಿಸುವ ಲೆಕ್ಕ ಇದು. ನಮ್ಮ ಊರುಗಳ ಅಡಿಗೆಮನೆ ವರ್ಷದ ಬಹುಕಾಲ 21 ಡಿಗ್ರಿಗಿಂತ ಬಿಸಿಯಾಗಿಯೇ ಇರುತ್ತದೆ. ‘ಒಟ್ಟು’ ಎಂಬ ಮಾತಿನ ಮೇಲೆ ಗಮನವಿರಲಿ. ಮಾರುಕಟ್ಟೆಯಲ್ಲಿ ಒಂದು ಗಂಟೆ, ಟೆಂಪೋದಲ್ಲಿ ಒಂದು, ಕತ್ತರಿಸಿ ತೊಳೆಯಲು ಒಂದು, ಮಸಾಲೆ ಹಚ್ಚಿ ಮೇಜಿನ ಮೇಲಿಟ್ಟದ್ದು ಎರಡು. ಒಂದೊಂದೂ ಅಲ್ಪವೇ, ಕೂಡಿಸಿದರೆ ಐದು ಗಂಟೆ. ಮಿತಿ ದಾಟಿಯೇ ಹೋಯಿತು.

ಮೀನು ಬಂದೊಡನೆ ಕಿವಿರು, ಕರುಳು ತೆಗೆದು, ತಣ್ಣೀರಿನಲ್ಲಿ ತೊಳೆದು ಮತ್ತೆ ಹಿಮಕ್ಕೆ ಹಾಕಿ. ಮಸಾಲೆ ಹಚ್ಚಿದ ಮೇಲೆ ಫ್ರಿಜ್‌ನಲ್ಲಿಡಿ. ಫ್ರಿಜ್‌ನಿಂದ ಒಂದು ತಟ್ಟೆ ತೆಗೆದು, ಹುರಿದು, ಆಮೇಲೆ ಇನ್ನೊಂದು ತಟ್ಟೆ ತೆಗೆಯಿರಿ. ಫ್ರೀಜರ್ ಮೀನನ್ನು ಹಿಂದಿನ ರಾತ್ರಿಯೇ ಫ್ರಿಜ್‌ಗೆ ವರ್ಗಾಯಿಸಿ ಕರಗಿಸಿ. ಬಕೆಟ್ಟಿನಲ್ಲಿ ಹಾಕಿ ಒಲೆಯ ಪಕ್ಕದಲ್ಲಿಡುವುದು ಬೇಡ. ಬ್ಯಾಕ್ಟೀರಿಯ ಒಮ್ಮೆ ಕಿಣ್ವ ತಯಾರಿಸಿಬಿಟ್ಟಿದ್ದರೆ, ಅದು ಫ್ರೀಜರ್‌ನಲ್ಲಿ ಸುಮ್ಮನಿದ್ದು, ಕರಗಿದೊಡನೆ ಮತ್ತೆ ಕೆಲಸ ಶುರು ಮಾಡುತ್ತದೆ. ಒಮ್ಮೆ ಬಿಸಿಯಲ್ಲಿ ಕಳೆದ ಮೀನನ್ನು ಆಮೇಲೆ ತಣ್ಣಗೆ ಇಟ್ಟು ಪ್ರಯೋಜನವಿಲ್ಲ ಎನ್ನುವುದು ಇದಕ್ಕೇ.

ಅಲರ್ಜಿಗೆ ಹಿಮ ಉಪಯೋಗವಿಲ್ಲ. ಅಲ್ಲಿ ಬೇಕಾದದ್ದು ಮಾತು. ಆರ್ಡರ್ ಬರೆದುಕೊಳ್ಳುವಾಗಲೇ ‘ಯಾರಿಗಾದರೂ ಏನಾದರೂ ಆಗುವುದಿಲ್ಲವೇ?’ ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳಿ. ಬಫೆಯಲ್ಲಿ ಪ್ರತಿ ಪಾತ್ರೆಯ ಮುಂದೆ ಹೆಸರಿನ ಜೊತೆ ‘ಶೇಂಗಾ ಇದೆ’, ‘ಗೋಡಂಬಿ ಇದೆ’ ಎಂದು ಚೀಟಿ ಇಡಿ. ಪ್ರತಿ ಪಾತ್ರೆಗೂ ಬೇರೆ ಸೌಟು. ಬಡಿಸುವ ಹುಡುಗನಿಗೆ ಗೊತ್ತಿಲ್ಲದಿದ್ದರೆ ‘ಇಲ್ಲ ಸಾರ್, ಏನೂ ಹಾಕಿಲ್ಲ’ ಎಂದು ಸಮಾಧಾನ ಹೇಳದೆ, ‘ಕೇಳಿ ಬರುತ್ತೇನೆ’ ಎನ್ನಬೇಕು. ಆ ಎರಡು ಪದ ಒಂದು ಜೀವ ಉಳಿಸಬಹುದು.

ಹುಡುಗರಿಗೆ ಕೇಳಬೇಕಾದ ಪ್ರಶ್ನೆಗಳು

ಸದಸ್ಯ ಮಿತ್ರರು ಈ ಪಾಠವನ್ನು ತಮ್ಮ ಕೆಲಸದವರಿಗೆ ಓದಿ ಹೇಳಿ, ಈ ಪ್ರಶ್ನೆಗಳನ್ನು ಕೇಳಬೇಕೆಂದು ವಿನಂತಿ.

1. ಬಂಗುಡೆ ಎರಡು ಗಂಟೆ ಹೆಚ್ಚು ಹೊತ್ತು ಹೊರಗೆ ಉಳಿಯಿತು. ಚೆನ್ನಾಗಿ ಹುರಿದರೆ ಸರಿಹೋಗುವುದೇ? ಇಲ್ಲ. ಕ್ರಿಮಿ ಸಾಯುತ್ತದೆ, ಹಿಸ್ಟಮಿನ್ ಉಳಿಯುತ್ತದೆ.

2. ವಾಸನೆ ಇಲ್ಲದ ಮೀನು ಸುರಕ್ಷಿತವೇ? ಹಾಗೆ ಹೇಳಲಾಗದು. ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿತ್ತು ಎಂಬುದೇ ಅಳತೆ.

3. ಶೇಂಗಾ ಆಗದ ಅತಿಥಿಯ ಎಲೆಗೆ ಬಡಿಸಿದ ಕೋಸಂಬರಿಯಿಂದ ಶೇಂಗಾ ಆರಿಸಿ ತೆಗೆದರೆ ಸಾಕೇ? ಸಾಲದು. ಮೊದಲಿನಿಂದಲೇ ಬೇರೆ ಪಾತ್ರೆಯಲ್ಲಿ ಮಾಡಿದ್ದನ್ನು, ಬೇರೆ ಸೌಟಿನಿಂದ ಬಡಿಸಬೇಕು.

4. ಅತಿಥಿಗೆ ಉಸಿರು ಕಟ್ಟುತ್ತಿದೆ, ಯಾರೋ ಅಲರ್ಜಿ ಮಾತ್ರೆ ಕೊಡುತ್ತಿದ್ದಾರೆ. ಏನು ಮಾಡಬೇಕು? ಮಾತ್ರೆಗಾಗಿ ಕಾಯದೆ 112ಕ್ಕೆ ಕರೆ, ಆಸ್ಪತ್ರೆಗೆ ದಾರಿ.

ಒಲೆಯನ್ನು ನಂಬಿ ಬದುಕುವವರು ನಾವು. ಆದರೆ ಹಿಸ್ಟಮಿನ್ನಿನ ವಿಷಯದಲ್ಲಿ ಒಲೆ ಹೊತ್ತಿಸುವ ಮೊದಲೇ ಅರ್ಧ ಕೆಲಸ ಮುಗಿದಿರಬೇಕು. ಮೀನಿನ ಬುಟ್ಟಿಯಲ್ಲಿ ಹಿಮ, ಆರ್ಡರ್ ಪುಸ್ತಕದಲ್ಲಿ ಅತಿಥಿಯ ಮಾತು – ಇವೆರಡು ಇದ್ದರೆ ಉಳಿದ ಅರ್ಧ ಸಲೀಸು.